ಯಾವ ಸ್ಮಾರ್ಟ್ ಸ್ವಿಚ್ ಕೊಳ್ಳಲಿ? ಮೊದಲು ಬೋರ್ಡ್ ಬಿಚ್ಚಿ ನೋಡಿ

ಮನೆ ಕಟ್ಟಿಸುತ್ತಿರುವವರು, ಫ್ಲ್ಯಾಟಿನ ಬೀಗದ ಕೈ ಈಗಷ್ಟೇ ಪಡೆದವರು, ಒಳಾಂಗಣ ವಿನ್ಯಾಸಗಾರರ ಕೊಟೇಶನ್ ನೋಡಿ ಬೆಚ್ಚಿದವರು, ಎಲ್ಲರೂ ನನ್ನನ್ನು ಕೇಳುವುದು ಒಂದೇ: "ಸ್ಮಾರ್ಟ್ ಸ್ವಿಚ್ ಹಾಕಿಸಬೇಕು, ಕಿಟಕಿಗೆ ಮೋಟಾರ್ ಬ್ಲೈಂಡ್ಸ್ ಬೇಕು. ಯಾವ ಕಂಪನಿಯದು ಒಳ್ಳೆಯದು ಸಾರ್?" ಬೆಂಗಳೂರಿನ ಮನೆಗಳಲ್ಲಿ ಇದೇ ಕೆಲಸ ಮಾಡಿ ಹೊಟ್ಟೆ ಹೊರೆಯುವವನಾದ್ದರಿಂದ ನಾನು ತಟ್ಟನೆ ಒಂದು ಹೆಸರು ಹೇಳುತ್ತೇನೆ ಎಂದು ಕಾಯುತ್ತಾರೆ. ನಾನು ಕೇಳುವುದು ಮರುಪ್ರಶ್ನೆ: ನಿಮ್ಮ ಸ್ವಿಚ್ ಬೋರ್ಡಿನೊಳಗೆ ನ್ಯೂಟ್ರಲ್, ಅಂದರೆ ಕರೆಂಟ್ ಹಿಂದಿರುಗುವ ತಂತಿ, ಇದೆಯೇ?

ಮಾಮೂಲಿ ಸ್ವಿಚ್ಚಿಗೆ ನ್ಯೂಟ್ರಲ್ ಬೇಡ. ಕರೆಂಟ್ ತರುವ ತಂತಿ, ಅಂದರೆ ಫೇಸ್, ಬರುತ್ತದೆ, ಒತ್ತಿದರೆ ದೀಪದ ಕಡೆ ಹೋಗುತ್ತದೆ, ಅಷ್ಟೇ. ಸ್ಮಾರ್ಟ್ ಸ್ವಿಚ್ಚಿನ ಹೊಟ್ಟೆಯಲ್ಲಿ, ಮೊಬೈಲಿನಿಂದ ಬರುವ ಆಜ್ಞೆ ಕೇಳಲು, ಒಂದು ಪುಟ್ಟ ರೇಡಿಯೊ ಇರುತ್ತದೆ. ದೀಪ ಆರಿದ್ದಾಗಲೂ ಅದು ಎಚ್ಚರವಾಗಿರಬೇಕು, ಅದಕ್ಕೆ ಸದಾ ಕರೆಂಟ್ ಬೇಕು, ಕರೆಂಟ್ ಹಿಂದಿರುಗಲು ನ್ಯೂಟ್ರಲ್ ಬೇಕು. ನ್ಯೂಟ್ರಲ್ ಇಲ್ಲದೆಯೂ ನಡೆಯುವ ಸ್ವಿಚ್‌ಗಳು ಮಾರುಕಟ್ಟೆಯಲ್ಲಿವೆ. ಅವು ದೀಪದ ಮೂಲಕವೇ ಸ್ವಲ್ಪ ಕರೆಂಟ್ ಕದ್ದು ಬದುಕುತ್ತವೆ. ಹಳೆಯ 60 ವ್ಯಾಟ್ ಬಲ್ಬಿಗೆ ಅದು ಗೊತ್ತೇ ಆಗುತ್ತಿರಲಿಲ್ಲ. ಐದು ವ್ಯಾಟಿನ ಎಲ್‌ಇಡಿ ಮಾತ್ರ ಆರಿಸಿದ ಮೇಲೂ ಮಿಣುಕುತ್ತದೆ, ಇಲ್ಲವೇ ರಾತ್ರಿಯಿಡೀ ಮಂಕಾಗಿ ಉರಿಯುತ್ತದೆ. ದೀಪದ ಬಳಿ ಒಂದು ಕೆಪಾಸಿಟರ್ (ಆ ಕದ್ದ ಕರೆಂಟನ್ನು ತನ್ನ ಮೂಲಕ ಹಾಯಿಸುವ ಪುಟ್ಟ ಬಿಡಿಭಾಗ) ಕಟ್ಟಿ ಸರಿಮಾಡಬಹುದು, ಆದರೆ ಫಾಲ್ಸ್ ಸೀಲಿಂಗ್ ಹಾಕಿಸಿದ ಮೇಲೆ ಅದನ್ನು ಕಟ್ಟಲು ಯಾರೂ ಉತ್ಸಾಹ ತೋರಿಸುವುದಿಲ್ಲ.

ಈ ವಿಷಯದಲ್ಲಿ ನಮ್ಮ ಮನೆಗಳಿಗೆ ಒಂದು ಅನುಕೂಲವಿದೆ. ಅಮೆರಿಕದಲ್ಲಿ ಗೋಡೆಗೆ ಒಂದೋ ಎರಡೋ ಸ್ವಿಚ್, ಸಾಕೆಟ್ ಇನ್ನೆಲ್ಲೋ. ನಮ್ಮಲ್ಲಿ ಒಂದೇ ಬೋರ್ಡಿನಲ್ಲಿ ನಾಲ್ಕು ದೀಪ, ಫ್ಯಾನ್ ರೆಗ್ಯುಲೇಟರ್, ಮೂಲೆಯಲ್ಲೊಂದು ಸಾಕೆಟ್. ಸಾಕೆಟ್ ಇದ್ದ ಕಡೆ ನ್ಯೂಟ್ರಲ್ ಇದ್ದೇ ಇರುತ್ತದೆ. ತೊಂದರೆ ಕೊಡುವುದು ಒಂದೇ ದೀಪವನ್ನು ಮೇಲಿಂದಲೂ ಕೆಳಗಿಂದಲೂ ಆಡಿಸುವ ಮೆಟ್ಟಿಲ ಬಳಿಯ ಟೂ-ವೇ ಸ್ವಿಚ್, ಹಾಸಿಗೆಯ ಪಕ್ಕದ ಒಂಟಿ ಸ್ವಿಚ್, ಬಾತ್‌ರೂಮಿನ ಹೊರಗಿನ ಪುಟ್ಟ ಬಾಕ್ಸ್. ಹೊಸ ಮನೆಯಾದರೆ ಪ್ಲಾಸ್ಟರಿಂಗಿಗೆ ಮೊದಲೇ ಎಲೆಕ್ಟ್ರಿಷಿಯನ್ನಿಗೆ ಹೇಳಿ: ಪ್ರತಿ ಬಾಕ್ಸಿಗೂ ನ್ಯೂಟ್ರಲ್ ಎಳೆಯಬೇಕು, ಬಾಕ್ಸ್ ಆಳವಾಗಿರಬೇಕು. ಈ ಹಂತದಲ್ಲಿ ಅದಕ್ಕೆ ತಗಲುವುದು ಕೆಲವು ಮೀಟರ್ ತಂತಿ. ಗೃಹಪ್ರವೇಶದ ನಂತರವಾದರೆ ಗೋಡೆಯನ್ನೇ ಕೊರೆಯಬೇಕು.

"ಸಾಕೆಟ್ಟಿನಿಂದ ನ್ಯೂಟ್ರಲ್ ಎಳೆದುಬಿಡೋಣ ಬಿಡಿ" ಎನ್ನುವ ಎಲೆಕ್ಟ್ರಿಷಿಯನ್ನರ ಬಗ್ಗೆ ಜಾಗ್ರತೆ. ಯುಪಿಎಸ್ ಇರುವ ಮನೆಯಲ್ಲಿ ದೀಪಗಳು ಯುಪಿಎಸ್ ಲೈನಿನಲ್ಲಿ, ಸಾಕೆಟ್ ಮೇನ್ ಲೈನಿನಲ್ಲಿ ಇರಬಹುದು. ಒಂದು ಲೈನಿನ ಫೇಸ್ ತೆಗೆದುಕೊಂಡು ಇನ್ನೊಂದರ ನ್ಯೂಟ್ರಲ್‌ಗೆ ಮರಳಿಸಿದರೆ, ಹೋದ ಕರೆಂಟು ಹೋದ ದಾರಿಯಲ್ಲಿ ಬರಲಿಲ್ಲವೆಂದು ಆರ್‌ಸಿಸಿಬಿ (ಕರೆಂಟ್ ಸೋರಿದರೆ ಲೈನ್ ಕಡಿಯುವ ಸುರಕ್ಷಾ ಸ್ವಿಚ್) ಲೆಕ್ಕ ಹಾಕುತ್ತದೆ. ಒಂದು ಸ್ವಿಚ್ ಎಳೆಯುವುದು ಕೆಲವೇ ಮಿಲಿಆಂಪಿಯರ್, ಆದ್ದರಿಂದ ಮೊದಲ ದಿನ ಏನೂ ಆಗುವುದಿಲ್ಲ. ಐದಾರು ಸೇರಿದ ಮೇಲೆ, 30 ಮಿಲಿಆಂಪಿಯರಿನ ಆರ್‌ಸಿಸಿಬಿ ಕಾರಣವೇ ತಿಳಿಯದಂತೆ ಟ್ರಿಪ್ ಆಗತೊಡಗುತ್ತದೆ. ಆಮೇಲೆ ಬೈಗುಳ ತಿನ್ನುವುದು ಸ್ವಿಚ್ ಕಂಪನಿ.

ಇನ್ನು ಯಾವ ಬಗೆ? ನನ್ನ ಒಲವು ಸ್ಪಷ್ಟ: ಈಗಿರುವ ಸ್ವಿಚ್ಚನ್ನೇ ಉಳಿಸಿಕೊಂಡು ಅದರ ಹಿಂದೆ ಕೂರಿಸುವ ರಿಲೇ ಮಾಡ್ಯೂಲ್, ಅಂದರೆ ರೇಡಿಯೊ ಆಜ್ಞೆಗೆ ಹತ್ತಿ ಆರುವ ಪುಟ್ಟ ಡಬ್ಬಿ. ಗಾಜಿನ ಟಚ್ ಪ್ಯಾನೆಲ್ ಶೋರೂಮಿನಲ್ಲಿ ಚೆನ್ನಾಗಿ ಕಾಣುತ್ತದೆ, ಒಪ್ಪುತ್ತೇನೆ. ಆದರೆ ಕತ್ತಲಲ್ಲಿ ಗೋಡೆ ತಡವುವ ಅಜ್ಜಿಗೆ, ಒದ್ದೆ ಕೈಯಲ್ಲಿ ಅಡುಗೆಮನೆಯಿಂದ ಬರುವವರಿಗೆ ಬೆರಳಿಗೆ ಸಿಗುವ ಗುಂಡಿಯೇ ಬೇಕು. ಮಾಡ್ಯೂಲ್ ಹಾಕಿದರೆ ಮನೆಗೆ ಬಂದ ನೆಂಟರಿಗೂ ಪಾಠ ಹೇಳಬೇಕಿಲ್ಲ. ಒಂದು ಸಣ್ಣ ಕಿರಿಕಿರಿ ಉಂಟು. ಮೊಬೈಲಿನಿಂದ ದೀಪ ಆರಿಸಿದ ಮೇಲೆ ಸ್ವಿಚ್ ಮೇಲಿದೆಯೋ ಕೆಳಗಿದೆಯೋ ಎಂಬುದಕ್ಕೆ ಅರ್ಥ ಉಳಿಯುವುದಿಲ್ಲ. ಮೆಟ್ಟಿಲ ಬಳಿಯ ಟೂ-ವೇ ಸ್ವಿಚ್ಚಿಗೆ ಒಗ್ಗಿಕೊಂಡ ನಮಗೆ ಇದು ಹೊಸದೇನಲ್ಲ.

ಸ್ಮಾರ್ಟ್ ಬಲ್ಬ್ ಸಾಲದೇ ಎಂದು ಕೇಳುವವರಿದ್ದಾರೆ. ಗೋಡೆಯ ಸ್ವಿಚ್ಚನ್ನು ಯಾರೋ ಅಭ್ಯಾಸಬಲದಿಂದ ಆರಿಸಿದ ಕ್ಷಣಕ್ಕೆ ಆ ಬಲ್ಬಿನ ಜಾಣತನ ಮುಗಿಯಿತು. ಜೊತೆಗೆ ಬಹಳಷ್ಟು ಬಲ್ಬುಗಳು ಕರೆಂಟ್ ಹೋಗಿ ಬಂದಾಗ ತಾವಾಗಿಯೇ ಹತ್ತಿಕೊಳ್ಳುತ್ತವೆ. ನಡುರಾತ್ರಿ ಎರಡು ಗಂಟೆಗೆ ಕರೆಂಟ್ ಬಂದು ಮಲಗುವ ಕೋಣೆ ಝಗ್ಗನೆ ಬೆಳಗಿದಾಗ ಮನೆಯವರ ಬಾಯಿಂದ ಬರುವ ಮಾತನ್ನು ಇಲ್ಲಿ ಬರೆಯಲಾರೆ. ಸ್ವಿಚ್ ಆಗಲಿ ಬಲ್ಬ್ ಆಗಲಿ, ಕರೆಂಟ್ ಮರಳಿದಾಗ ಹಿಂದಿದ್ದ ಸ್ಥಿತಿಗೇ ಹೋಗು ಎಂದು ಹೇಳುವ ಸೆಟ್ಟಿಂಗ್ ಇದೆಯೇ ಎಂದು ಕೊಳ್ಳುವ ಮೊದಲೇ ವಿಚಾರಿಸಿ.

ಗೀಸರಿಗೆ ದೀಪದ ಮಾಡ್ಯೂಲ್ ಹಾಕಬೇಡಿ. 3 ಕಿಲೋವ್ಯಾಟ್ ಗೀಸರ್ ಹತ್ತಿರ ಹತ್ತಿರ 13 ಆಂಪಿಯರ್ ಎಳೆಯುತ್ತದೆ, ಅದಕ್ಕೆ 16 ಆಂಪಿಯರಿನದೇ ಬೇಕು. ಫ್ಯಾನಿಗೆ ದೀಪದ ಬೆಳಕು ಹೆಚ್ಚುಕಡಿಮೆ ಮಾಡುವ ಡಿಮ್ಮರ್ ಹಾಕಿದರೆ ಗುಂಯ್‌ಗುಡುತ್ತದೆ. ಬಿಎಲ್‌ಡಿಸಿ (ಕಡಿಮೆ ಕರೆಂಟಿನಲ್ಲಿ ತಿರುಗುವ, ರಿಮೋಟಿನ) ಫ್ಯಾನಿಗಂತೂ ರೆಗ್ಯುಲೇಟರೇ ಸಲ್ಲ, ಸದಾ ಪೂರ್ತಿ ಕರೆಂಟ್ ಕೊಟ್ಟು ರಿಮೋಟಿನ ಸಂಕೇತದಿಂದಲೇ ಆಡಿಸಬೇಕು.

ಅಮೆರಿಕದಿಂದ ಬರುವ ಮಗ ಸೂಟ್‌ಕೇಸಿನಲ್ಲಿ ತುಂಬಿ ತರುವ ಸ್ವಿಚ್‌ಗಳ ಬಗ್ಗೆಯೂ ಹೇಳಿಬಿಡುತ್ತೇನೆ: ತರಬೇಡಿ. ಅಲ್ಲಿಯದು 120 ವೋಲ್ಟ್, ಇಲ್ಲಿಯದು 230. ಅಲ್ಲಿಯ ಬಾಕ್ಸಿನ ಅಳತೆ ನಮ್ಮ ಮಾಡ್ಯುಲರ್ ಬೋರ್ಡಿಗೆ ಕೂರುವುದಿಲ್ಲ. ಝಡ್-ವೇವ್ ಎಂಬ ರೇಡಿಯೊ ವ್ಯವಸ್ಥೆಯದಾದರೆ ಅದರ ಆವರ್ತನವೇ ಬೇರೆ, ಅಲ್ಲಿ 908 ಮೆಗಾಹರ್ಟ್ಸ್, ಭಾರತದಲ್ಲಿ 865.

ಕಂಪನಿಯ ಮಾತು ಬರುವುದು ಇಷ್ಟಾದ ಮೇಲೆ. ಆಗಲೂ ನಾನು ನೋಡುವುದು ಒಂದೇ ಸಂಗತಿ: ಇಂಟರ್ನೆಟ್ ನಿಂತರೆ, ಕಂಪನಿಯೇ ಮುಚ್ಚಿದರೆ ಮನೆಯಲ್ಲಿ ಏನು ಉಳಿಯುತ್ತದೆ? 2016ರ ಮೇ ತಿಂಗಳಲ್ಲಿ ನೆಸ್ಟ್ ಕಂಪನಿ, ತಾನು ಕೊಂಡಿದ್ದ ರಿವಾಲ್ವ್ ಎಂಬ ಹಬ್ಬಿನ (ಮನೆಯ ಸ್ಮಾರ್ಟ್ ಸಾಧನಗಳನ್ನು ಒಂದೆಡೆಯಿಂದ ಆಡಿಸುವ ಪೆಟ್ಟಿಗೆ) ಸೇವೆ ನಿಲ್ಲಿಸಿತು, ಜನ ದುಡ್ಡು ಕೊಟ್ಟು ತಂದಿದ್ದ ಹಬ್ ಕೆಲಸಕ್ಕೆ ಬಾರದ ಡಬ್ಬಿಯಾಯಿತು. 2022ರ ಏಪ್ರಿಲ್‌ನಲ್ಲಿ ಅಮೆರಿಕದ ಇನ್‌ಸ್ಟಿಯಾನ್ ಎಂಬ ಸ್ಮಾರ್ಟ್ ಸ್ವಿಚ್ ಕಂಪನಿಯ ಸರ್ವರ್‌ಗಳು ಮುನ್ಸೂಚನೆಯಿಲ್ಲದೆ ನಿಂತವು. ಅಲ್ಲಿ ಮೊಬೈಲ್ ಆ್ಯಪ್ ಸತ್ತರೂ ಗೋಡೆಯ ಸ್ವಿಚ್‌ಗಳು ಸಾಯಲಿಲ್ಲ. ಬಳಕೆದಾರರದೇ ಒಂದು ಗುಂಪು ಆ ಕಂಪನಿಯನ್ನು ಕೊಂಡು ಮತ್ತೆ ನಡೆಸಿತು. ಈ ಎರಡರ ನಡುವಿನ ವ್ಯತ್ಯಾಸವನ್ನೇ ನೀವು ಅಂಗಡಿಯಲ್ಲಿ ಪರೀಕ್ಷಿಸಬೇಕು. ರೌಟರಿನ ಇಂಟರ್ನೆಟ್ ತಂತಿ ಕಿತ್ತು ತೋರಿಸಲು ಹೇಳಿ. ಆಗಲೂ ಸಂಜೆಯ ದೀಪ ಹೊತ್ತಿಗೆ ಸರಿಯಾಗಿ ಹತ್ತಿದರೆ ಆ ಸರಕು ಕೊಳ್ಳಬಹುದು. ಜಿಗ್‌ಬಿ, ಅಂದರೆ ಸ್ಮಾರ್ಟ್ ಸಾಧನಗಳ ಒಂದು ರೇಡಿಯೊ ವ್ಯವಸ್ಥೆ, 2022ರ ಅಕ್ಟೋಬರಿನಲ್ಲಿ ಬಂದ ಮ್ಯಾಟರ್ ಎಂಬ, ಬೇರೆ ಬೇರೆ ಕಂಪನಿಗಳ ಸಾಧನಗಳಿಗೆ ಸಾಮಾನ್ಯ ಭಾಷೆ, ಹೋಮ್ ಅಸಿಸ್ಟೆಂಟ್ ಎಂಬ ಮುಕ್ತ ತಂತ್ರಾಂಶ, ಇವುಗಳ ಪರವಾಗಿ ನಾನು ಮಾತಾಡುವುದು ಇದೇ ಕಾರಣಕ್ಕೆ. ಆಜ್ಞೆ ಮನೆಯ ಗೋಡೆ ದಾಟುವ ಅಗತ್ಯವಿಲ್ಲ. ವೈ-ಫೈ ಸ್ವಿಚ್ ಕೆಟ್ಟದ್ದಲ್ಲ, ಆದರೆ ನಲವತ್ತು ಸ್ವಿಚ್ಚುಗಳನ್ನು ಇಂಟರ್ನೆಟ್ ಕಂಪನಿ ಪುಕ್ಕಟೆ ಕೊಟ್ಟ ರೌಟರಿಗೆ ತಗಲಿಸಿ ಆಮೇಲೆ ನನ್ನನ್ನು ಕರೆಯಬೇಡಿ. ಹಬ್ಬು, ರೌಟರು ಎರಡೂ ಯುಪಿಎಸ್ ಲೈನಿನಲ್ಲಿರಲಿ.

ಬ್ಲೈಂಡ್ಸ್ ವಿಚಾರದಲ್ಲಿ ಜನ ಬಟ್ಟೆಯ ಬಣ್ಣ ಆರಿಸಲು ವಾರ ಕಳೆಯುತ್ತಾರೆ, ಮೋಟಾರಿಗೆ ಕರೆಂಟ್ ಎಲ್ಲಿಂದ ಎಂದು ಯಾರೂ ಯೋಚಿಸುವುದಿಲ್ಲ. ಕಿಟಕಿಯ ಮೇಲುಗಡೆ, ಮೋಟಾರ್ ಕೂರುವ ಬದಿಯಲ್ಲಿ ಒಂದು ಪಾಯಿಂಟ್ ಬೇಕು, ಹಳಿಯನ್ನು ಮರೆಮಾಡುವ ಪೆಲ್ಮೆಟ್ ಪೆಟ್ಟಿಗೆ ಮಾಡಿಸುವುದಾದರೆ ಅದರೊಳಗೆ. ಬ್ಯಾಟರಿ ಮೋಟಾರಿಗೆ ಪಾಯಿಂಟ್ ಬೇಡ ನಿಜ, ಕೆಲವು ತಿಂಗಳಿಗೊಮ್ಮೆ ಏಣಿ ಹತ್ತಿ ಚಾರ್ಜ್ ಮಾಡಬೇಕು. ಎರಡು ಅಂತಸ್ತಿನೆತ್ತರದ ಹಾಲಿನ ಕಿಟಕಿಗೆ ಬ್ಯಾಟರಿ ಹಾಕಿಸುವವರನ್ನು ನೋಡಿದರೆ ನನಗೆ ಏಣಿ ಹಿಡಿಯುವವನ ಮೇಲೆ ಕನಿಕರ.

ತಂತಿಯ ಮೋಟಾರಿಗೆ ಮೇಲೆ ಹೋಗಲು ಒಂದು ಫೇಸ್, ಕೆಳಗೆ ಬರಲು ಇನ್ನೊಂದು. ಎರಡಕ್ಕೂ ಒಮ್ಮೆಲೇ ಕರೆಂಟ್ ಹೋದರೆ ಮೋಟಾರ್ ಸುಡಬಹುದು. ಆದ್ದರಿಂದ ದೀಪದ ಎರಡು ರಿಲೇ ಜೋಡಿಸಿ ಕೆಲಸ ಸಾಗಿಸಬೇಡಿ, ಒಂದು ಹತ್ತಿದರೆ ಇನ್ನೊಂದು ಹತ್ತದಂತೆ ತಡೆಯಿರುವ, ಬ್ಲೈಂಡ್ಸಿಗಾಗಿಯೇ ಮಾಡಿದ ಮಾಡ್ಯೂಲ್ ತನ್ನಿ. ಎರಡು ಮೋಟಾರುಗಳನ್ನು ಒಂದೇ ಸ್ವಿಚ್ಚಿಗೆ ನೇರ ಕಟ್ಟುವುದೂ ತಪ್ಪು. ರಿಮೋಟಿನ ಮೋಟಾರಾದರೆ ಅದು ತನ್ನ ಸ್ಥಿತಿಯನ್ನು ಮರಳಿ ತಿಳಿಸುತ್ತದೆಯೇ ಎಂದು ಕೇಳಿ. ಸೋಮ್ಫಿ ಎಂಬ ಮೋಟಾರ್ ಕಂಪನಿಯ ಆರ್‌ಟಿಎಸ್‌ನಂಥ ಹಳೆಯ ರಿಮೋಟ್ ವ್ಯವಸ್ಥೆಗಳು ಗಟ್ಟಿಮುಟ್ಟು, ಆದರೆ ಒಮ್ಮುಖ. ಆಜ್ಞೆ ಕೇಳುತ್ತವೆ, ಉತ್ತರ ಕೊಡುವುದಿಲ್ಲ. ಬ್ಲೈಂಡ್ ಅರ್ಧಕ್ಕೆ ನಿಂತಿದ್ದರೂ ಮೊಬೈಲಿನಲ್ಲಿ ಪೂರ್ತಿ ಮುಚ್ಚಿದಂತೆ ಕಾಣಬಹುದು.

ಹಳಿಯ ಮೇಲೆ ಓಡುವ ಕರ್ಟನ್ ಮೋಟಾರುಗಳಲ್ಲಿ ಅನೇಕವನ್ನು ಕರೆಂಟ್ ಇಲ್ಲದಾಗ ಕೈಯಿಂದ ಎಳೆಯಬಹುದು. ಕೊಳವೆಯೊಳಗೆ ಮೋಟಾರ್ ಇರುವ ರೋಲರ್ ಬ್ಲೈಂಡ್ ಹಾಗಲ್ಲ, ಎಳೆದರೆ ಕೆಡುತ್ತದೆ. ಮಲಗುವ ಕೋಣೆಗೆ ನಾನು ಕರ್ಟನ್ನನ್ನೇ ಹೇಳುವುದು ಅದಕ್ಕೆ. ಪುಟ್ಟ ಮಕ್ಕಳಿರುವ ಮನೆಯಲ್ಲಿ ಮಾತ್ರ ಮೋಟಾರನ್ನು ಐಷಾರಾಮವೆಂದು ನಾನು ಕರೆಯುವುದಿಲ್ಲ. ಜೋತಾಡುವ ಬ್ಲೈಂಡ್ ಹಗ್ಗ ಮಗುವಿನ ಕತ್ತಿಗೆ ಸುತ್ತಿಕೊಳ್ಳುವ ಅಪಾಯ ನಿಜವಾದದ್ದು.

ಯಾವ ಕಿಟಕಿಗೆ ಹಾಕಿಸಬೇಕು ಎಂಬುದಕ್ಕೆ ಸೂರ್ಯನನ್ನು ಕೇಳಬೇಕು. ಬೆಂಗಳೂರು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ಶೂನ್ಯ ನೆರಳಿನ ದಿನವೆಂದು ಶಾಲೆಯ ಮಕ್ಕಳು ಬಾಟಲಿ ನಿಲ್ಲಿಸಿ ನೋಡುವ ಏಪ್ರಿಲ್ 24ರ ಸುಮಾರಿನಿಂದ ಆಗಸ್ಟ್ 18ರವರೆಗೆ ನಡುಹಗಲ ಸೂರ್ಯ ನೆತ್ತಿಯಿಂದ ಉತ್ತರಕ್ಕಿರುತ್ತಾನೆ. ಉತ್ತರದ ಕಿಟಕಿಗೆ ಬಿಸಿಲೇ ಬೀಳದು ಎಂಬ ಮಾತು ಆಗ ನಡೆಯುವುದಿಲ್ಲ. ಆದರೂ ಎತ್ತರದ ಸೂರ್ಯನನ್ನು ಸಜ್ಜೆ ತಡೆಯುತ್ತದೆ. ತಡೆಯಲಾಗದ್ದು ಪಶ್ಚಿಮದ ಓರೆ ಬಿಸಿಲು, ಹಣವನ್ನು ಅಲ್ಲಿಗೆ ಸುರಿಯಿರಿ. ಒಳಗಿನ ಬ್ಲೈಂಡ್ ಕಣ್ಣಿಗೆ ಹೊಡೆಯುವ ಬೆಳಕನ್ನು ಚೆನ್ನಾಗಿ ತಡೆಯುತ್ತದೆ, ಸೆಕೆಯನ್ನು ಅಷ್ಟಾಗಿ ಅಲ್ಲ, ಏಕೆಂದರೆ ಅಷ್ಟರಲ್ಲಿ ಬಿಸಿಲು ಗಾಜು ದಾಟಿ ಬಂದಾಗಿರುತ್ತದೆ. ಬ್ಲೈಂಡ್ ತಾನಾಗಿ ಆಡುವ ಹೊತ್ತನ್ನು ಗಡಿಯಾರಕ್ಕೆ ಕಟ್ಟದೆ ಸೂರ್ಯಾಸ್ತಕ್ಕೆ ಕಟ್ಟಿ. ನವೆಂಬರಿನಲ್ಲಿ ಇಲ್ಲಿ ಸೂರ್ಯ ಆರಕ್ಕೆ ಮೊದಲೇ ಮುಳುಗುತ್ತಾನೆ, ಜುಲೈಯಲ್ಲಿ ಆರೂ ಮುಕ್ಕಾಲು ದಾಟುತ್ತದೆ.

ಬಾಡಿಗೆ ಮನೆಯವರು ಈ ಗೋಡೆ, ನ್ಯೂಟ್ರಲ್ ಕಥೆಯನ್ನೆಲ್ಲ ಬಿಟ್ಟುಬಿಡಬಹುದು. ಒಂದೆರಡು ಸ್ಮಾರ್ಟ್ ಬಲ್ಬ್, ಗೋಡೆಗೆ ಅಂಟಿಸುವ ಬ್ಯಾಟರಿ ಗುಂಡಿ, ಮಲಗುವ ಕೋಣೆಯ ಪಶ್ಚಿಮದ ಕಿಟಕಿಗೆ ಚಾರ್ಜ್ ಮಾಡುವ ಮೋಟಾರಿನ ಒಂದು ಕರ್ಟನ್. ಮನೆ ಬದಲಿಸುವಾಗ ಹಳಿ ಬಿಚ್ಚಿ, ಓನರಿನ ಗೋಡೆಯ ತೂತುಗಳಿಗೆ ಪುಟ್ಟಿ ಹಚ್ಚಿ, ಎಲ್ಲವನ್ನೂ ಹೊತ್ತುಕೊಂಡು ಹೋಗಬಹುದು.