ನಾಲ್ಕು ತಾಸಿನ ಕೆಲಸ ಅಂತೆ

ನಾನು ಶಿರಸಿ ಸೀಮೆಯ ಗ್ರಾಮೀಣ ಡಾಕ್ ಸೇವಕ, ಅಂದರೆ ಹಳ್ಳಿಯಲ್ಲಿ ಅಂಚೆ ಹಂಚುವವ. 2018ರಿಂದ ನಮ್ಮ ಭತ್ಯೆ ದಿನಕ್ಕೆ 4 ಇಲ್ಲಾ 5 ತಾಸಿನ ಲೆಕ್ಕದ್ದು, ನನ್ನದು ನಾಲ್ಕು. ಕಳೆದ ಮಳೆಗಾಲದಲ್ಲಿ ಒಂದು ಸ್ಪೀಡ್ ಪೋಸ್ಟ್ ಮರುದಿನ ಕೊಟ್ಟೆ ಅಂತ ಮೇಲಿನವರು ವಿವರಣೆ ಕೇಳಿದರು. ಹಳ್ಳದ ಸಂಕದ (ಕಾಲುಸೇತುವೆ) ಮೇಲೆ ನೀರು ಹರಿಯುತ್ತಿತ್ತು, ದಾಟೋದು ಹೇಗೆ? ಬಟವಾಡೆಯನ್ನು ಮೊಬೈಲ್‌ಗೆ ಹಾಕೋಕೆ ನೆಟ್‌ವರ್ಕ್ ಸಿಗುವ ಗುಡ್ಡ ಹತ್ತಬೇಕು, ಆ ಹೊತ್ತು ಯಾರ ಲೆಕ್ಕದಲ್ಲೂ ಇಲ್ಲ. ಪಿಂಚಣಿ ಕೊಡೋಕೆ ಹೋದರೆ ಅಜ್ಜಿ ಬೇಲಿಯ ದಣಪೆ ತೆಗೆದು 'ಆಸರಿಗೆ ಬೇಕಾ ತಮ್ಮಾ?' ಅಂತ ಕುಡಿಯೋಕೆ ಕೇಳ್ತಾರೆ, ದುಡ್ಡು ಎರಡು ಸಲ ಎಣಿಸುತ್ತಾರೆ, ಬೆಂಗಳೂರಿನ ಮಗನ ಸುದ್ದಿ ತೆಗೆಯುತ್ತಾರೆ, ಸುಮ್ನೆ ಎದ್ದು ಬರೋಕಾಗುತ್ತಾ? ಶಿಸ್ತು ಬೇಡ ಅಂತಲ್ಲ. ಮನೆಗೇ ಹೋಗದೆ 'ಬಾಗಿಲು ಹಾಕಿತ್ತು' ಅಂತ ಬರೆಯುವವರಿಗೆ ಬಿಸಿ ಮುಟ್ಟಲೇಬೇಕು. ಸಂಕದ ಫೋಟೋ ಹಚ್ಚಿ ವಿವರಣೆ ಕಳಿಸಿದೆ. ಉತ್ತರ ಇನ್ನೂ ಬಂದಿಲ್ಲ.