ಕದಲದ ಪಿಸ್ಟನ್

ಇವತ್ತು ನಮ್ಮ ಹಳೇ ಎಂಜಿಬಿ ಕಾರಿನ ಮುಂದಿನ ಬ್ರೇಕ್ ಬಿಚ್ಚಿದೆ. ಚಕ್ರದ ಡಿಸ್ಕನ್ನು ಪ್ಯಾಡುಗಳಿಂದ ಅದುಮಿ ಹಿಡಿಯುವ ಎಡಗಡೆ ಕ್ಯಾಲಿಪರ್‌ನಲ್ಲಿ ಒಂದು ಪಿಸ್ಟನ್ ಸಲೀಸಾಗಿ ಒಳಗೆ ಹೋಯಿತು, ಇನ್ನೊಂದು ಜಪ್ಪಯ್ಯ ಅಂದ್ರೂ ಕದಲಲಿಲ್ಲ.

ರಬ್ಬರ್ ಸರಿಸಿ ನೋಡಿದರೆ ಅದರ ಮೈಸುತ್ತ ಕಂದು ತುಕ್ಕು, ಉಗುರಿಗೆ ತಾಗುವಷ್ಟು ಒರಟು. ಬ್ರೇಕ್ ಆಯಿಲ್ ಗಾಳಿಯ ತೇವ ಹೀರುತ್ತದೆ, ಆ ನೀರೇ ಒಳಗೊಳಗೆ ಕಬ್ಬಿಣ ತಿನ್ನುತ್ತದೆ. ಪ್ರೀತಿಯಿಂದ ಮುಚ್ಚಿಟ್ಟ ಗಾಡಿಯೂ ಸುಮ್ನೆ ನಿಂತೇ ಹಾಳಾಗುತ್ತದೆ, ಅಲ್ವಾ?

ಎರಡೂ ಕಡೆ ಹೊಸ ಪಿಸ್ಟನ್, ಸೀಲ್, ಡಿಸ್ಕ್, ಪ್ಯಾಡ್ ಹಾಕಿದೆ. ಒಂದೇ ಕಡೆ ಹಾಕಿದರೆ ಬ್ರೇಕ್ ಒತ್ತಿದಾಗ ಗಾಡಿ ಪಕ್ಕಕ್ಕೆ ಎಳೆಯಬಹುದು.

ಕೊನೆಗೆ ಬ್ರೇಕ್ ಆಯಿಲ್ ಒಳಗೆ ಸೇರಿದ ಗಾಳಿ ತೆಗೆಯುವ ಕೆಲಸ. ಮಗಳು ಪೆಡಲ್ ಒತ್ತಿ ಹಿಡಿದಳು, ನಾನು ಗಾಳಿ ಬಿಡುವ ಸಣ್ಣ ತಿರುಪು, ಅಂದ್ರೆ ನಿಪ್ಪಲ್ ಸಡಿಲಿಸಿದೆ, ಪೈಪಿನಲ್ಲಿ ಸಣ್ಣ ಸಣ್ಣ ಗುಳ್ಳೆ ಬಂದವು, ಆಮೇಲೆ ಬರೀ ಆಯಿಲ್.

"ಅಪ್ಪಾ, ಪೆಡಲ್ ಗಟ್ಟಿಯಾಯ್ತು!" ಎಂದಳು. ಎಷ್ಟು ಖುಷಿಯಾಯಿತು ಗೊತ್ತಾ!