ಸ್ವೀಡಿಷ್ ಕೇಳಿದವರಿಗೆ ಸ್ಪ್ಯಾನಿಷ್ ಬರುವುದೇಕೆ?

ಎಸ್‌ಎಪಿ (ಕಂಪನಿಗಳ ವ್ಯವಹಾರ ನಡೆಸುವ ಸಾಫ್ಟ್‌ವೇರ್) ಒಳಗೆ ಭಾಷೆಗೆ ಒಂದೇ ಅಕ್ಷರ: ಇಂಗ್ಲಿಷ್‌ಗೆ 'ಇ', ಜರ್ಮನ್‌ಗೆ 'ಡಿ'. ಹೊರಗಿನ ಪೋರ್ಟಲ್ ಕಳಿಸುವುದು 'ಎಸ್‌ವಿ-ಎಸ್‌ಇ'ಯಂಥ (ಸ್ವೀಡನ್ನಿನ ಸ್ವೀಡಿಷ್) ಉದ್ದದ ಸಂಕೇತ. ಮೊದಲಕ್ಷರ ಕತ್ತರಿಸಿ ಕಳಿಸಿದರೆ ಕೆಲಸ ಕೆಟ್ಟಿತೆಂದೇ ಲೆಕ್ಕ, ಏಕೆಂದರೆ ಅಲ್ಲಿ 'ಎಸ್' ಎಂದರೆ ಸ್ಪ್ಯಾನಿಷ್, ಸ್ವೀಡಿಷ್‌ಗೆ 'ವಿ'. ಇಂಗ್ಲಿಷ್‌ನಲ್ಲಷ್ಟೇ ಟೆಸ್ಟ್ ಮಾಡಿದರೆ ಈ ತಪ್ಪು ಕಣ್ಣಿಗೇ ಬೀಳುವುದಿಲ್ಲ. ದಯವಿಟ್ಟು ಭಾಷಾ ಸಂಕೇತಗಳಿರುವ ಟಿ002 ಟೇಬಲ್ ನೋಡಿ, ಇಲ್ಲವೇ ಸಂಕೇತ ಬದಲಿಸಿಕೊಡುವ ಸಿದ್ಧ ಫಂಕ್ಷನ್ ಆದ ಐಸೋಲಾ ಕನ್ವರ್ಷನ್ ಎಕ್ಸಿಟ್ ಬಳಸಿ. ಕೈಯಾರೆ ಪಟ್ಟಿ ಬರೆಯಬೇಡಿ.

ಇನ್ನೊಂದು ತೊಡಕು ಸರ್ವಿಸ್ ಯೂಸರ್‌ನದು. ಎಲ್ಲರ ಕರೆಗಳೂ ಒಂದೇ ಖಾತೆಯಿಂದ ಹೋದಾಗ, ಭಾಷೆಯನ್ನು ನಾವಾಗಿ ಹೇಳದಿದ್ದರೆ, ಆ ಖಾತೆಯ ಭಾಷೆಯಲ್ಲೇ ಉತ್ತರ ಬರುತ್ತದೆ. ಒಡಾಟಾ (ವೆಬ್ ಮೂಲಕ ಡೇಟಾ ಕೇಳುವ ವಿಧಾನ) ಕರೆಯಾದರೆ ಪ್ರತಿ ಬಾರಿಯೂ 'ಎಸ್‌ಎಪಿ-ಲ್ಯಾಂಗ್ವೇಜ್' ಪ್ಯಾರಾಮೀಟರ್ ಸೇರಿಸಿ. ಕ್ಯಾಶ್ (ಬಂದ ಉತ್ತರವನ್ನು ಮರುಬಳಕೆಗೆ ಉಳಿಸಿಡುವ ಜಾಗ) ಇದ್ದರೆ ಅದರ ಕೀಯಲ್ಲೂ ಭಾಷೆ ಇರಲಿ; ಇಲ್ಲವಾದರೆ ಒಬ್ಬರ ಜರ್ಮನ್ ಇನ್ನೊಬ್ಬರ ತೆರೆಯಲ್ಲಿ ಕಾಣುತ್ತದೆ.

ಸರಕಿನ ವಿವರಣೆ ಖಾಲಿ ಬಂದರೆ ಮೊದಲು ಆ ವಿವರಣೆಗಳಿರುವ ಎಂಎಕೆಟಿ ಟೇಬಲ್ ತೆರೆಯಿರಿ. ಅಲ್ಲಿ ಭಾಷೆಗೊಂದು ಸಾಲು. ಕೇಳಿದ ಭಾಷೆಯ ಸಾಲಿಲ್ಲದಿದ್ದರೆ ಇಂಗ್ಲಿಷ್‌ಗೆ ಇಳಿಯುವ ತರ್ಕವನ್ನು ನೀವೇ ಬರೆಯಬೇಕು.

ಅಂಕಿಯ ರೂಪ ಭಾಷೆಯ ಬಾಲವಲ್ಲ. 1.234,56 ಎಂದು ತೋರಿಸುವುದನ್ನು ಎಸ್‌ಯು01 ಎಂಬ, ಬಳಕೆದಾರರ ಖಾತೆ ನಿರ್ವಹಿಸುವ ತೆರೆಯ ಬೇರೆಯದೇ ಸೆಟ್ಟಿಂಗ್ ನಿರ್ಧರಿಸುತ್ತದೆ.